ಆಸ್ಪತ್ರೆಯ ಧ್ವನಿನಾಟಕ: ನಾಲ್ಕು ಕಂತು ಕೈಗೆ ಬಂದವು

ಆರು ಕಂತಿನ ಧ್ವನಿನಾಟಕದಲ್ಲಿ ನಾಲ್ಕು ಕಂತಿನ ಬರವಣಿಗೆ ಮುಗಿಯಿತು. ಮೊದಲ ಮೂರು ರೆಕಾರ್ಡ್ ಕೂಡ ಆಗಿವೆ. ಎರಡನೇ ಕಂತಿನ ಶಬ್ದದ ಕೆಲಸಕ್ಕೆ ತುಂಬಾ ಹೊತ್ತು ಹಿಡಿಯಿತು, ಅದಕ್ಕೇ ಇವತ್ತು ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಕತೆ ದೊಡ್ಡದಲ್ಲ. ಗಟ್ಟಿಮುಟ್ಟಾಗಿರುವ ಒಬ್ಬ ಹೆಂಗಸು ಸಣ್ಣ ಆಪರೇಷನ್ನಿಗೆ ಬರುತ್ತಾಳೆ. ಅನೆಸ್ತೀಸಿಯಾ (ಅರಿವಳಿಕೆ) ಕೊಟ್ಟ ಮೇಲೆ ಉಸಿರಾಟದ ಟ್ಯೂಬ್ ಒಳಗೆ ಹೋಗುವುದಿಲ್ಲ. ಹೃದಯ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಆದರೆ ಅವಳಿಗೆ ಎಚ್ಚರ ಬರುವುದಿಲ್ಲ. ಉಳಿದ ಕಂತುಗಳೆಲ್ಲ ಇದರ ಸುತ್ತ ಆಸ್ಪತ್ರೆಯವರ ನಡುವೆ ನಡೆಯುವ ಜಗ್ಗಾಟ. ಮುಖ್ಯ ಪಾತ್ರಗಳು ಮೂರು. ಅನೆಸ್ತೀಸಿಯಾ ವಿಭಾಗದ ಮುಖ್ಯಸ್ಥ ಡಾ. ಭಾರ್ಗವ, ಅವರ ಕೈಕೆಳಗಿನ ಜೂನಿಯರ್ ನಿಖಿಲ್, ಆಪರೇಷನ್ ಥಿಯೇಟರಿನ ನರ್ಸ್ ಸುಮತಿ.

ಆಸ್ಪತ್ರೆಯ ಕತೆಗಳಲ್ಲಿ ಸಾಮಾನ್ಯವಾಗಿ ಒಂದು ದೃಶ್ಯ ರೋಗಿಗೆ, ಮುಂದಿನ ದೃಶ್ಯ ಕುರ್ಚಿ ಜಗಳಕ್ಕೆ ಅಂತ ಹಂಚಿಹೋಗಿರುತ್ತದೆ. ಅದು ನನಗೆ ಬೇಡವಾಗಿತ್ತು. ರೋಗಿಯ ತಲೆಯ ಹತ್ತಿರ ನಿಂತಿರುವಾಗಲೇ ಅಧಿಕಾರದ ಪ್ರಶ್ನೆಯೂ ಏಳಬೇಕು. ಏನು ಮಾಡಬೇಕು ಅಂತ ಗೊತ್ತಿರುವವರು ಒಬ್ಬರು, ಮಾಡು ಅಂತ ಹೇಳುವ ಹಕ್ಕಿರುವವರು ಇನ್ನೊಬ್ಬರು. ಇವರಿಬ್ಬರ ನಡುವೆ ಎಷ್ಟು ದೂರ ಇದೆಯೋ ಅಷ್ಟೂ ಜಾಗ ನಾಟಕಕ್ಕೆ ಸಿಗುತ್ತದೆ. ಪ್ರತಿ ದೃಶ್ಯ ಬರೆದ ಮೇಲೆ ಈ ಇಬ್ಬರು ಅಲ್ಲಿದ್ದಾರಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ದೃಶ್ಯ ತೆಗೆದುಬಿಡುತ್ತೇನೆ.

ಮೊದಲ ಕಂತು ಬೇಗ ಆಯಿತು. ಅದರಲ್ಲಿ ಏನೂ ಅನಾಹುತ ಇಲ್ಲ, ಅಲ್ಲಿರುವುದು ಬೇರೊಂದು ಆಪರೇಷನ್, ಅದು ಸಲೀಸಾಗಿ ಮುಗಿಯುತ್ತದೆ. ನಾನು ಅಲ್ಲಿ ಇಟ್ಟಿರುವುದು ಒಂದೇ ಒಂದು ಸಣ್ಣ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಚರ್ಮಕ್ಕೆ ಚಾಕು ಮುಟ್ಟಿಸುವ ಮೊದಲು ಥಿಯೇಟರಿನಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅನ್ನುವುದು ಅದರಲ್ಲೊಂದು. ನೋಡಿದರೆ ಶಿಷ್ಟಾಚಾರದ ಹಾಗೆ ಕಾಣುತ್ತದೆ. ಆದರೆ ಒಮ್ಮೆ ಬಾಯಿಬಿಟ್ಟವರಿಗೆ ಮುಂದೆ ಅಪಾಯ ಕಂಡಾಗ ಮತ್ತೆ ಬಾಯಿಬಿಡುವುದು ಸುಲಭ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ದೊಡ್ಡ ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ನನ್ನ ನಾಟಕದಲ್ಲಿ ಸರ್ಜನ್, "ನಮ್ಮವರೇ ಅಲ್ವಾ ಎಲ್ಲ, ಶುರು ಮಾಡೋಣ" ಎನ್ನುತ್ತಾರೆ. ಸುಮತಿ ಆ ಥಿಯೇಟರಿಗೆ ಹೊಸಬಳು. ಅವಳ ಹೆಸರು ಯಾರ ಕಿವಿಗೂ ಬೀಳುವುದಿಲ್ಲ.

ಎರಡನೇ ಕಂತಿನ ಬೇರು ನಿಜವಾಗಿ ನಡೆದ ಒಂದು ಘಟನೆಯಲ್ಲಿದೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆ ಸೈನಸ್ ಆಪರೇಷನ್ನಿಗೆ ಹೋದರು. ಅನೆಸ್ತೀಸಿಯಾ ಆದ ಮೇಲೆ ಟ್ಯೂಬ್ ಹೋಗಲಿಲ್ಲ, ಮಾಸ್ಕಿನಿಂದಲೂ ಗಾಳಿ ಹೋಗಲಿಲ್ಲ. ಅಲ್ಲಿದ್ದ ಡಾಕ್ಟರುಗಳು ಅನುಭವಸ್ಥರೇ. ಒಬ್ಬ ನರ್ಸ್ ಕುತ್ತಿಗೆಯಲ್ಲಿ ದಾರಿ ಮಾಡುವ ಟ್ರೆಕಿಯಾಸ್ಟಮಿ ಸೆಟ್ ತಂದು, ತಂದಿದ್ದೇನೆ ಅಂತ ಹೇಳಿದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಕೇಳಿದರು. ಡಾಕ್ಟರುಗಳು ಮಾತ್ರ ಟ್ಯೂಬ್ ಹಾಕುವ ಪ್ರಯತ್ನದಲ್ಲೇ ಮುಳುಗಿದ್ದರು. 13 ದಿನಗಳ ನಂತರ ಆಕೆ ತೀರಿಕೊಂಡರು. ಏನಾಗಬೇಕಿತ್ತು ಅಂತ ಗೊತ್ತಿದ್ದವರು ಆ ಕೋಣೆಯಲ್ಲೇ ಇದ್ದರು.

ಆಕೆಯ ಗಂಡ ವಿಮಾನದ ಪೈಲಟ್. ಅವರಿಗೆ ಈ ಕತೆ ಹೊಸದಾಗಿರಲಿಲ್ಲ. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ರನ್‌ವೇಯಲ್ಲಿ ಡಿಕ್ಕಿಯಾಗಿ 583 ಜನ ಸತ್ತರು. ಡಿಕ್ಕಿಗೆ ಸ್ವಲ್ಪ ಮೊದಲು ಒಂದು ವಿಮಾನದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವಾ ಅಂತ ಕೇಳಿದ್ದ. ಕ್ಯಾಪ್ಟನ್ ಹೋಗಿದೆ ಅಂದರು. ಅವರು ಆ ಕಂಪನಿಯ ಹೆಸರಾಂತ ತರಬೇತುದಾರರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಆಮೇಲೆ ವಿಮಾನಯಾನದವರು, ಕಿರಿಯರು ಹೇಗೆ ತಡೆಯಬೇಕು, ಹಿರಿಯರು ಹೇಗೆ ಕಿವಿಗೊಡಬೇಕು ಅನ್ನುವುದನ್ನೇ ಪಾಠ ಮಾಡಿದರು. ಆ ಗಂಡ ಅದೇ ಪಾಠವನ್ನು ಆಸ್ಪತ್ರೆಗಳಿಗೆ ತರಲು ದುಡಿದರು. ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಉಳಿದಿರುವುದು ಆ ಎಂಜಿನಿಯರ್ ಕೇಳಿದ ರೀತಿ. ಅವನು ನಿಲ್ಲಿಸಿ ಅನ್ನಲಿಲ್ಲ, ಪ್ರಶ್ನೆ ಕೇಳಿದ. ಆ ನರ್ಸ್ ಕೂಡ ಸೆಟ್ ಬಂದಿದೆ ಅಂದರು, ಬಳಸಿ ಅನ್ನಲಿಲ್ಲ. ಮೇಲಿನವರ ಮುಂದೆ ನಾವೆಲ್ಲ ಮಾತಾಡುವುದು ಹೀಗೇ. ಬೇಡಿಕೆಯನ್ನು ಮಾಹಿತಿಯ ಹಾಗೆ ಹೇಳುತ್ತೇವೆ, ಎಚ್ಚರಿಕೆಯನ್ನು ಅನುಮಾನದ ಹಾಗೆ ಹೇಳುತ್ತೇವೆ.

ಹಾಗಾಗಿ ಎರಡನೇ ಕಂತಿನ ನಡುದೃಶ್ಯವನ್ನು ಸುಮತಿಯ ಮಾತು ಹಂತ ಹಂತವಾಗಿ ಹೇಗೆ ಗಟ್ಟಿಯಾಗುತ್ತದೆ ಅನ್ನುವುದರ ಮೇಲೇ ಕಟ್ಟಿದೆ. ಆಸ್ಪತ್ರೆಗಳ ತರಬೇತಿಯಲ್ಲಿ ಇದಕ್ಕೊಂದು ಮೆಟ್ಟಿಲು ಹೇಳಿಕೊಡುತ್ತಾರೆ. ಮೊದಲು ನನಗೆ ಆತಂಕ ಆಗಿದೆ ಅನ್ನು. ಆಮೇಲೆ ಇದು ನನಗೆ ಒಪ್ಪಿಗೆಯಾಗುತ್ತಿಲ್ಲ ಅನ್ನು. ಕೊನೆಗೆ ಇದು ರೋಗಿಯ ಸುರಕ್ಷತೆಯ ವಿಷಯ ಅನ್ನು. ಸ್ಕ್ರಿಪ್ಟಿನ ತುಣುಕು ಹೀಗಿದೆ (ಬ್ಲೇಡ್ ಅಂದರೆ ಗಂಟಲೊಳಗೆ ನೋಡಿ ಟ್ಯೂಬ್ ಹಾಕಲು ಬಳಸುವ ಸಾಧನದ ಅಲಗು, ಸ್ಯಾಚುರೇಷನ್ ಅಂದರೆ ರಕ್ತದಲ್ಲಿರುವ ಆಕ್ಸಿಜನ್ನಿನ ಮಟ್ಟ):

ಸುಮತಿ: ಸರ್, ಟ್ರೆಕಿಯಾಸ್ಟಮಿ ಸೆಟ್ ಇಲ್ಲಿದೆ.
ಭಾರ್ಗವ: ಇರಲಿ ಸಿಸ್ಟರ್. ನಿಖಿಲ್, ಇನ್ನೊಂದು ಬ್ಲೇಡ್ ಕೊಡು.
ಸುಮತಿ: ಸರ್, ಸ್ಯಾಚುರೇಷನ್ ಎಪ್ಪತ್ತಕ್ಕೆ ಬಂತು. ನಂಗೆ ಆತಂಕ ಆಗ್ತಿದೆ.
ಭಾರ್ಗವ: ಕಾಣಿಸ್ತಿದೆ. ಸ್ವಲ್ಪ ಸುಮ್ನಿರಿ.
ಸುಮತಿ: ಇದು ನಾಲ್ಕನೇ ಸಲ ಸರ್. ಮತ್ತೆ ಅದನ್ನೇ ಮಾಡೋದು ನಂಗೆ ಸರಿ ಅನ್ನಿಸ್ತಿಲ್ಲ.
(ಬೀಪ್ ಇಳಿಯುತ್ತಾ, ನಿಧಾನವಾಗುತ್ತಾ ಹೋಗುತ್ತದೆ.)
ಸುಮತಿ: ಡಾಕ್ಟರ್ ಭಾರ್ಗವ, ನಿಲ್ಲಿಸಿ. ಕುತ್ತಿಗೆಯಿಂದ ದಾರಿ ಮಾಡಿ, ಈಗಲೇ.

ಅಲ್ಲಿಯವರೆಗೆ ಸರ್ ಅಂದವಳು ಕೊನೆಯ ಸಲ ಹೆಸರು ಹಿಡಿದು ಕರೆಯುತ್ತಾಳೆ. ಪಾತ್ರ ಮಾಡುವವರು ಆ ಸಾಲನ್ನು ಮೊದಮೊದಲು ಕಿರುಚಿ ಹೇಳುತ್ತಿದ್ದರು. ಕೊನೆಗೆ ಉಳಿಸಿಕೊಂಡಿದ್ದು ದನಿ ಏರಿಸದೆ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದ ಟೇಕ್. ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ.

ನಾಲ್ಕನೇ ಸಲ ಅನ್ನುವುದಕ್ಕೂ ಕಾರಣ ಇದೆ. ಉಸಿರಿನ ದಾರಿ ಸಿಗದಿದ್ದಾಗ ಏನು ಮಾಡಬೇಕು ಅಂತ ಹೇಳುವ ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿಯಲ್ಲಿ ಟ್ಯೂಬ್ ಹಾಕಲು ಮೂರು ಪ್ರಯತ್ನ, ಹೆಚ್ಚು ಅನುಭವವಿರುವವರಿಂದ ಇನ್ನೊಂದು, ಅಷ್ಟೇ. ಆಮೇಲೂ ಆಗದೆ, ಬೇರೆ ಯಾವ ದಾರಿಯಿಂದಲೂ ಆಕ್ಸಿಜನ್ ಹೋಗದಿದ್ದರೆ, ಆಗುತ್ತಿಲ್ಲ ಅಂತ ಬಾಯಿಬಿಟ್ಟು ಘೋಷಿಸಿ ಕುತ್ತಿಗೆಗೆ ಕೈ ಹಾಕಬೇಕು. ಹಾಗೆ ಘೋಷಿಸುವುದೇ ಕಷ್ಟ. ಇಪ್ಪತ್ತೈದು ವರ್ಷ ಟ್ಯೂಬ್ ಹಾಕಿದ ಕೈ ಅದು. ನನ್ನಿಂದ ಆಗಲಿಲ್ಲ ಅಂತ ಭಾರ್ಗವ ತನ್ನ ಜೂನಿಯರ್ ಎದುರು ಹೇಳಬೇಕು. ಇಲ್ಲಿ ವೈದ್ಯಕೀಯ ಪ್ರಶ್ನೆ ಯಾವುದು, ಪ್ರತಿಷ್ಠೆಯ ಪ್ರಶ್ನೆ ಯಾವುದು ಅಂತ ಬಿಡಿಸಲು ಆಗುವುದಿಲ್ಲ, ಅದಕ್ಕೇ ಈ ದೃಶ್ಯ ನನಗೆ ಇಷ್ಟ.

ಈಗ ಶಬ್ದ. ಧ್ವನಿನಾಟಕಕ್ಕೆ ಪಲ್ಸ್ ಆಕ್ಸಿಮೀಟರ್‌ಗಿಂತ ಒಳ್ಳೆಯ ಪಾತ್ರಧಾರಿ ಸಿಗುವುದಿಲ್ಲ. ಪ್ರತಿ ನಾಡಿಬಡಿತಕ್ಕೂ ಒಂದು ಬೀಪ್. ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಬೀಪಿನ ಸ್ವರವೂ ಕೆಳಗಿಳಿಯುತ್ತದೆ. ಪಳಗಿದವರು ಮಾನಿಟರ್ ಕಡೆ ತಿರುಗದೆ ಕಿವಿಯಿಂದಲೇ ತಿಳಿಯುತ್ತಾರೆ. ಮೊದಲ ಕಂತಿನ ಉದ್ದಕ್ಕೂ ಈ ಬೀಪ್ ಒಂದೇ ಸ್ವರದಲ್ಲಿ ಹಿನ್ನೆಲೆಯಲ್ಲಿ ಇದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಕೇಳುಗರಿಗೆ ಅದು ರೂಢಿಯಾಗಲಿ ಅಂತಲೇ ಹಾಗೆ ಬಿಟ್ಟೆ. ಎರಡನೇ ಕಂತಿನಲ್ಲಿ ಅದು ಇಳಿಯಲು ಶುರುವಾದಾಗ ಯಾರೂ ವಿವರಿಸಬೇಕಾಗಿಲ್ಲ, ಹೊಟ್ಟೆಯಲ್ಲಿ ತಳಮಳ ತಾನಾಗಿಯೇ ಬರುತ್ತದೆ. ಮೊದಲು ಬೀಪ್ ವೇಗವಾಗುತ್ತದೆ, ಆಮೇಲೆ ಆಕ್ಸಿಜನ್ ತೀರಾ ಕಡಿಮೆಯಾದಾಗ ಹೃದಯವೇ ಸೋತು ನಿಧಾನವಾಗುತ್ತದೆ. ಸ್ವರ ಮತ್ತು ವೇಗ ಎರಡನ್ನೂ ಬೇರೆಬೇರೆಯಾಗಿ ಇಳಿಸುವುದಕ್ಕೆ ಪ್ರತಿ ಬೀಪನ್ನೂ ಕೈಯಿಂದಲೇ ಜೋಡಿಸಿದೆ.

ಇನ್ನೊಂದು ವಿಷಯ ಬರೆಯುವಾಗ ತುಂಬಾ ಉಪಯೋಗಕ್ಕೆ ಬಂತು. ಬೆರಳಿಗೆ ಹಾಕಿದ ಪ್ರೋಬ್ ಸ್ವಲ್ಪ ಹಿಂದುಳಿದೇ ಓದುತ್ತದೆ. ಶ್ವಾಸಕೋಶಕ್ಕೆ ಆಕ್ಸಿಜನ್ ಹೋಗಲು ಶುರುವಾದ ಮೇಲೂ ಅಂಕಿ ಸ್ವಲ್ಪ ಹೊತ್ತು ಕೆಳಗೇ ಇರುತ್ತದೆ, ಕೆಲವೊಮ್ಮೆ ಇನ್ನೂ ಇಳಿಯುತ್ತದೆ. ಕುತ್ತಿಗೆಯಿಂದ ದಾರಿಯಾದ ಮೇಲೂ ಬೀಪ್ ಇಳಿಯುತ್ತಲೇ ಹೋಗುತ್ತದೆ. ಯಾರೂ ಮಾತಾಡುವುದಿಲ್ಲ. ಸುಮತಿ ಹೇಳಿದ್ದು ಸರಿಯೋ ತಪ್ಪೋ ಅಂತ ಅವಳಿಗೇ ಗೊತ್ತಿಲ್ಲದ ಹೊತ್ತು ಅದು.

ಅಷ್ಟರಲ್ಲಿ ಹೃದಯ ನಿಲ್ಲುತ್ತದೆ. ಇಲ್ಲಿ ಶಾಕ್ ಕೊಡುವ ದೃಶ್ಯ ಇಲ್ಲ. ಮಾನಿಟರಿನಲ್ಲಿ ಗೆರೆ ನೆಟ್ಟಗಾದರೆ ಶಾಕ್ ಕೊಡುವುದಿಲ್ಲ. ಹೃದಯ ಅಡ್ಡಾದಿಡ್ಡಿ ಅದುರುವ ಕೆಲವು ಲಯಗಳಿಗೆ ಮಾತ್ರ ಶಾಕ್. ಗೆರೆ ನೆಟ್ಟಗಾದಾಗ ಎದೆ ಒತ್ತುವುದು, ಆಕ್ಸಿಜನ್, ಅಡ್ರಿನಲಿನ್, ಇವಿಷ್ಟೇ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುತ್ತಾರೆ, ಅಷ್ಟು ಸುಸ್ತು. ನಿಖಿಲ್ ಪಾತ್ರಧಾರಿಗೆ ದಪ್ಪ ಫೋಮ್ ದಿಂಬಿನ ಮೇಲೆ ಪೂರ್ತಿ ಎರಡು ನಿಮಿಷ ಒತ್ತಿಸಿಯೇ ರೆಕಾರ್ಡ್ ಮಾಡಿದೆವು. ಆ ಏದುಸಿರು ನಟಿಸಿದರೆ ಬರುವುದಿಲ್ಲ.

1996ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಗಳ ಎದೆಯೊತ್ತುವ ದೃಶ್ಯಗಳನ್ನು ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ, ನೂರರಲ್ಲಿ ಎಪ್ಪತ್ತೈದು ಜನ ಆ ಕ್ಷಣಕ್ಕೆ ಬದುಕುತ್ತಾರೆ ಅಂತ. ನಿಜವಾದ ಆಸ್ಪತ್ರೆಯಲ್ಲಿ ಹೃದಯ ನಿಂತವರಲ್ಲಿ ಮನೆಗೆ ಹೋಗುವವರು ನಾಲ್ಕರಲ್ಲೋ ಐದರಲ್ಲೋ ಒಬ್ಬರು. ಕತೆ ನೋಡಿ ಬೆಳೆದ ನಂಬಿಕೆಯನ್ನೇ ಮನೆಯವರು ಐಸಿಯು ಬಾಗಿಲಿಗೆ ಹೊತ್ತು ಬರುತ್ತಾರೆ. ಈ ಹೊಣೆ ಬರೆಯುವವರ ಮೇಲೆ ಖಂಡಿತ ಇದೆ ಅಂತ ನನಗನ್ನಿಸುತ್ತದೆ. ಹಾಗಾಗಿ ನನ್ನ ರೋಗಿಯ ಹೃದಯ ಮರಳುತ್ತದೆ, ಅವಳು ಮರಳುವುದಿಲ್ಲ.

ಮೂರನೇ ಕಂತಿನಲ್ಲಿ ಐಸಿಯು. ಇರುವುದು ಒಂದೇ ಬೆಡ್, ವಾರ್ಡಿನಲ್ಲಿ ನ್ಯುಮೋನಿಯಾದ ಇನ್ನೊಬ್ಬ ರೋಗಿಗೂ ವೆಂಟಿಲೇಟರ್ ಬೇಕು. ದೊಡ್ಡ ಮನುಷ್ಯರ ಸಂಬಂಧಿಕನನ್ನು ತಂದು ಕೂರಿಸುವುದು ಸುಲಭವಿತ್ತು, ಬೇಡ ಅಂದುಕೊಂಡೆ. ಅಲ್ಲಿ ತಪ್ಪು ಯಾರದ್ದು ಅಂತ ಕೇಳುಗರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಓದುವಾಗ ಅಮೆರಿಕದ ಸಿಯಾಟಲ್ ನಗರದ ಒಂದು ಸಮಿತಿಯ ವಿಷಯ ಸಿಕ್ಕಿತು. 1960ರ ದಶಕದ ಶುರುವಿನಲ್ಲಿ ಡಯಾಲಿಸಿಸ್ ಯಂತ್ರ ಬೆರಳೆಣಿಕೆಯಷ್ಟು, ರೋಗಿಗಳು ಬಹಳ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಏಳು ಜನರನ್ನು ಕೂರಿಸಿದರು. ಅವರಲ್ಲಿ ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಬ್ಯಾಂಕಿನವರು, ಒಬ್ಬ ಗೃಹಿಣಿ ಇದ್ದರು. ಮದುವೆಯಾಗಿದೆಯಾ, ಕೆಲಸ ಏನು, ಚರ್ಚಿಗೆ ಹೋಗುತ್ತಾರಾ ಅನ್ನುವುದೆಲ್ಲ ಲೆಕ್ಕಕ್ಕೆ ಬಂತು. 1962ರಲ್ಲಿ ಪತ್ರಿಕೆಯಲ್ಲಿ ಇದು ಬಂದಾಗ ಜನ ಬೆಚ್ಚಿದರು.

ಈಗ ಅಂಕಗಳಿವೆ. ರೋಗಿಯ ಅಂಗಗಳು ಎಷ್ಟು ಸೋತಿವೆ ಅಂತ ಅಳೆಯಲು ಆರು ಅಂಗವ್ಯವಸ್ಥೆಗಳಿಗೆ ತಲಾ ಸೊನ್ನೆಯಿಂದ ನಾಲ್ಕು, ಒಟ್ಟು 24ರವರೆಗೆ ಹೋಗುವ ಸೋಫಾ ಸ್ಕೋರ್ ಬಹಳ ಕಡೆ ಬಳಕೆಯಲ್ಲಿದೆ. ಹಂಚುವವರು ಚಿಕಿತ್ಸೆ ಕೊಡುವ ಡಾಕ್ಟರೇ ಆಗಿರಬಾರದು ಅಂತಲೂ ಬಹಳಷ್ಟು ನಿಯಮಾವಳಿಗಳು ಹೇಳುತ್ತವೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನನ್ನ ನಾಟಕದಲ್ಲಿ ಬೆಡ್ ಹಂಚಬೇಕಾದ ಐಸಿಯು ಡಾಕ್ಟರ್ ಭಾರ್ಗವರ ಹಳೆಯ ವಿದ್ಯಾರ್ಥಿನಿ. ಗುರುಗಳು ಒತ್ತಾಯ ಮಾಡುವುದಿಲ್ಲ. ಬಂದು ಅವಳ ಎದುರು ಕೂರುತ್ತಾರೆ, ಅಷ್ಟೆ. "ನಾನೇನೂ ಕೇಳ್ತಿಲ್ಲಮ್ಮ" ಎನ್ನುತ್ತಾರೆ. ಅವಳು ಬೆಡ್ ಕೊಡುತ್ತಾಳೆ. ಅಂಕ ನೋಡಿ ಕೊಟ್ಟಳೋ, ಎದುರಿಗೆ ಕೂತವರನ್ನು ನೋಡಿ ಕೊಟ್ಟಳೋ, ಅವಳಿಗೂ ಹೇಳಲಾಗದು.

ನಾಲ್ಕನೆಯದು ಮನೆಯವರ ಕಂತು. ಹೃದಯ ನಿಂತು ಮರಳಿದವರಿಗೆ ಎಚ್ಚರ ಬರದಿದ್ದರೆ, ಮುಂದೇನು ಅಂತ ತೀರ್ಮಾನಿಸಲು ಕನಿಷ್ಠ 72 ಗಂಟೆ ಕಾಯಬೇಕು ಅನ್ನುತ್ತವೆ ಮಾರ್ಗಸೂಚಿಗಳು. ಆ ಕಾಯುವಿಕೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಚಿಕಿತ್ಸೆ ನಿಲ್ಲಿಸುವ ಮಾತನ್ನು ಮನೆಯವರ ಹತ್ತಿರ ಯಾರು ಆಡಬೇಕು? ಅನಾಹುತ ಆದ ಥಿಯೇಟರಿನಲ್ಲಿ ನಿಂತಿದ್ದ ಭಾರ್ಗವರಾ? ಅವರಿಗೆ ಆ ರೋಗಿಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತು, ಜಾಸ್ತಿ ನೋವೂ ಇದೆ. ಆದರೆ ಆಕೆ ಇರುವಷ್ಟು ದಿನ ಅವರ ಮೇಲಿನ ಪ್ರಶ್ನೆಯೂ ಇರುತ್ತದೆ. ನಿಲ್ಲಿಸೋಣ ಅಂದರೂ, ಮುಂದುವರಿಸೋಣ ಅಂದರೂ ಅವರ ಮಾತಿನಲ್ಲಿ ಅವರ ಸ್ವಂತದ್ದು ಸೇರಿಕೊಂಡಿರುತ್ತದೆ. ಈ ಒಂದು ದೃಶ್ಯಕ್ಕೆ ಎಷ್ಟು ಕರಡು ಬರೆದರೂ ಸಾಲದು ಅನ್ನಿಸುತ್ತಿತ್ತು. ಈಗ ಇರುವುದರಲ್ಲಿ ಮಗ ಕೇಳುತ್ತಾನೆ, "ನಿಮ್ಮಮ್ಮ ಆಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?" ಭಾರ್ಗವ, ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನಲ್ಲ ಅಂದು, ಯಾಕೆ ಅಂತಲೂ ಹೇಳುತ್ತಾರೆ. ಥಿಯೇಟರಿನಲ್ಲಿ ಏನಾಯಿತು ಅನ್ನುವುದು ಮನೆಯವರಿಗೆ ಪೂರ್ತಿ ತಿಳಿಯುವುದು ಅಲ್ಲೇ.

ಐದನೇ ಕಂತಿನಲ್ಲಿ ಆಸ್ಪತ್ರೆಯ ಒಳಗಿನ ಪರಿಶೀಲನಾ ಸಭೆ. ಇಂಥ ಸಭೆಗಳು ಬಹುಕಾಲ ಡಾಕ್ಟರುಗಳದ್ದೇ ಆಗಿದ್ದವು, ನನ್ನ ಆಸ್ಪತ್ರೆಯಲ್ಲೂ ಸುಮತಿಯನ್ನು ಕರೆಯುವುದಿಲ್ಲ. ಆಡಳಿತದವರು ಹೊಣೆಯನ್ನು ನಿಖಿಲ್ ಕಡೆ ತಳ್ಳಲು ನೋಡುತ್ತಾರೆ. ಮೇಜಿನ ಮೇಲೆ ಎರಡು ದಾಖಲೆಗಳಿವೆ. ಒಂದು, ಆಮೇಲೆ ಕೂತು ಬರೆದ ಡಾಕ್ಟರರ ವಿವರ. ಇನ್ನೊಂದು, ಸುಮತಿ ನಿಮಿಷ ಸಮೇತ ಬರೆದಿಟ್ಟ ನರ್ಸಿಂಗ್ ನೋಟ್ಸ್. ಸೆಟ್ ತಂದ ಹೊತ್ತು, ಮೊದಲ ಸಲ ಹೇಳಿದ ಹೊತ್ತು, ಕೊನೆಯ ಸಲ ಹೇಳಿದ ಹೊತ್ತು. ನಿಖಿಲ್ ಅದನ್ನು ಎದ್ದು ನಿಂತು ಓದಬೇಕು, ಭಾರ್ಗವ ಕೇಳಿಸಿಕೊಳ್ಳಬೇಕು. ಅಲ್ಲಿಯವರೆಗಿನ ಪುಟಗಳು ಆಗಿವೆ. ಓದು ಮುಗಿದ ಮೇಲೆ ಭಾರ್ಗವ ಏನು ಹೇಳುತ್ತಾರೆ ಅನ್ನುವುದನ್ನು ಮುಂದಿನ ವಾರ ಬರೆಯಬೇಕು. ಅದಾದ ಮೇಲೆ ನಾಲ್ಕು, ಐದು ಎರಡನ್ನೂ ಒಟ್ಟಿಗೇ ರೆಕಾರ್ಡ್ ಮಾಡುತ್ತೇವೆ.