ದಾವಣಗೆರೆಯಲ್ಲಿ ಮೂರು ದಿನ: ಕೊಠಡಿ ನೋಡಿ ಹಣ ಕೊಡಿ, ದೋಸೆಗೆ ಬೆಳಿಗ್ಗೆಯೇ ಹೊರಡಿ

ಕಳೆದ ಏಪ್ರಿಲ್‌ನಲ್ಲಿ ಸಂಬಂಧಿಕರ ಮನೆಯ ಮದುವೆಗೆಂದು ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ದಾವಣಗೆರೆಗೆ ಹೋಗಿ ಮೂರು ದಿನ ಇದ್ದು ಬಂದೆ. ಮದುವೆಯ ದಿನದ ವಿಚಾರ ಇಲ್ಲಿ ಬೇಡ. ಅಮ್ಮನಿಗೆ ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಮೆಟ್ಟಿಲು ಹತ್ತಬೇಕಾದ ಜಾಗಗಳನ್ನೆಲ್ಲ ನಾವು ಬಿಟ್ಟೆವು. ಚಿತ್ರದುರ್ಗದ ಕೋಟೆ ಅರವತ್ತು ಕಿಲೋಮೀಟರ್ ದೂರದಲ್ಲೇ ಇದ್ದರೂ ಹೋಗಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಾತು ಹೆಚ್ಚು ಉಪಯೋಗವಾದೀತು.

ಮೊದಲು ವಸತಿಯ ವಿಷಯ. ಬಸ್ ನಿಲ್ದಾಣದ ಹತ್ತಿರದ ಒಂದು ವಸತಿಗೃಹಕ್ಕೆ ವಾರ ಮುಂಚೆಯೇ ಫೋನ್ ಮಾಡಿ, ನೆಲಮಹಡಿಯಲ್ಲೇ ಕೊಠಡಿ ಬೇಕೆಂದು ಎರಡು ಸಲ ಹೇಳಿ, 900 ರೂಪಾಯಿಗೆ ಒಪ್ಪಿಸಿಕೊಂಡಿದ್ದೆ. ರಾತ್ರಿ ಹತ್ತೂವರೆಗೆ ಹೋದರೆ ಮೂರನೆಯ ಮಹಡಿಯ ಬೀಗದ ಕೈ ಮುಂದಿಟ್ಟು 1,600 ರೂಪಾಯಿ ಕೇಳಿದರು. ಲಿಫ್ಟ್ ಇರಲಿಲ್ಲ. "ಮುಹೂರ್ತದ ದಿನ ಸಾರ್, ಈ ಹೊತ್ತಲ್ಲಿ ಬೇರೆ ಕಡೆ ಎಲ್ಲೂ ಸಿಗಲ್ಲ" ಎಂದವರಿಗೆ, ಸಾಮಾನು ಹಿಡಿದು ನಿಂತ ಮುದುಕಿಯನ್ನು ಕಂಡೇ ಆ ಧೈರ್ಯ ಬಂದಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಅಮ್ಮ ಪ್ರತಿ ಮಹಡಿಗೂ ಒಮ್ಮೆ ಗೋಡೆ ಹಿಡಿದು ನಿಂತು ಹತ್ತಿದರು. ಮಂಚದ ತಲೆದೆಸೆಯ ಗೋಡೆ ಮುಟ್ಟಿದರೆ ಅಂಗೈಗೆ ಸುಣ್ಣ ಹತ್ತುವಷ್ಟು ತೇವ. ಬಿಸಿನೀರು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ರಸೀದಿ ಕೇಳಿದ್ದಕ್ಕೆ ಪುಸ್ತಕ ಮುಗಿದಿದೆ ಎಂಬ ಉತ್ತರ.

ಮರುದಿನ ಪಿ.ಜೆ. ಬಡಾವಣೆಯ ಕಡೆ ನೆಲಮಹಡಿಯಲ್ಲೇ ಒಣಗಿದ, ಗಾಳಿ ಬೆಳಕಿನ ಕೊಠಡಿ 1,100 ರೂಪಾಯಿಗೆ ರಸೀದಿಸಮೇತ ಸಿಕ್ಕಿತು. ಈ ಊರಿನಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಇರುವುದರಿಂದ ಪ್ರವೇಶದ ದಿನಗಳಲ್ಲಿ ಪೋಷಕರಿಂದಲೂ, ಬೇಸಿಗೆಯಲ್ಲಿ ಮದುವೆ ದಿಬ್ಬಣಗಳಿಂದಲೂ ಕೊಠಡಿಗಳು ತುಂಬುತ್ತವೆ. ಫೋನಿನ ಮಾತನ್ನು ನಂಬಬೇಡಿ. ಬಾಡಿಗೆ ಮತ್ತು ಮಹಡಿ ಎರಡನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಹಗಲು ಹೊತ್ತಿನಲ್ಲಿ ತಲುಪಿ, ಕೊಠಡಿ ನೋಡುವವರೆಗೆ ಹಣ ಕೊಡಬೇಡಿ.

ಆ ರಾತ್ರಿಯ ಬೇಸರವನ್ನು ಕಳೆದದ್ದು ಬೆಣ್ಣೆ ದೋಸೆ. ನಿಲ್ದಾಣದ ಎದುರಿನ ದೊಡ್ಡ ಫಲಕದ ಹೋಟೆಲಿನಲ್ಲಿ ತಿಂದದ್ದು ಎಣ್ಣೆ ದೋಸೆಯೇ ಆಗಿತ್ತು, ಅದನ್ನು ಬಿಟ್ಟುಬಿಡಿ. ಹೊಸ ವಸತಿಗೃಹದ ಕಾವಲುಗಾರರು ಹೇಳಿದ ಗುರುತಿನ ಮೇಲೆ ಹಳೆಯ ಊರಿನ ಓಣಿಯೊಂದಕ್ಕೆ ಹೋದೆವು. ಫಲಕವಿಲ್ಲದ, ನಾಲ್ಕೇ ಬೆಂಚಿನ ಹೋಟೆಲು. ಸೌದೆಯ ಒಲೆಯ ಮೇಲೆ ಅಗಲವಾದ ಕಾವಲಿ, ಪಕ್ಕದಲ್ಲಿ ಸ್ಟೀಲಿನ ಪಾತ್ರೆಯ ತುಂಬ ಬಿಳಿ ಬೆಣ್ಣೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬಿದ ಹಿಟ್ಟಾದ್ದರಿಂದ ದೋಸೆಯ ಅಂಚು ಗರಿಗರಿಯಾಗಿ, ನಡು ಮೆತ್ತಗೆ ಉಳಿಯುತ್ತದೆ. ಹಿಟ್ಟು ಹರಡಿ ರಂಧ್ರ ಬಿಡುವ ಹೊತ್ತಿಗೆ ಬೆಣ್ಣೆ ಬಿದ್ದು, ಕರಗುತ್ತ ಆ ರಂಧ್ರಗಳೊಳಗೆ ಇಳಿಯುವುದನ್ನು ಅಮ್ಮ ಒಲೆಯ ಹತ್ತಿರವೇ ಕೂತು ನೋಡಿದರು. ಜೊತೆಗೆ ಅರಿಶಿನ ಹಾಕದ ಆಲೂಗಡ್ಡೆ ಪಲ್ಯ, ಹಸಿಮೆಣಸಿನ ಬಿಳಿ ಚಟ್ನಿ. ಸಾಂಬಾರು ಇಲ್ಲ, ಬೇಕೂ ಇಲ್ಲ. ಬೆಂಗಳೂರಿನಲ್ಲಿ ದಾವಣಗೆರೆಯ ಹೆಸರು ಹೇಳಿ ಮಾರುವ ದೋಸೆಗೆ ಈ ಹೊಗೆಯ ವಾಸನೆಯೂ ಇಲ್ಲ, ಪಲ್ಯದ ಈ ಹಿತವೂ ಇಲ್ಲ. "ಇನ್ನೊಂದು ಹಾಕ್ಲೇನ್ರೀ ಅಮ್ಮಾ?" ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಒಂದೇ ದೋಸೆಗೆ ಎದ್ದುಬಿಡುವ ಅಮ್ಮ ತಲೆಯಾಡಿಸಿದರು. ದೋಸೆಯೊಂದಕ್ಕೆ 60 ರೂಪಾಯಿ. ಒಂಬತ್ತರೊಳಗೆ ಹೋಗಿಬಿಡಿ. ಮರುದಿನ ನಾವು ಹನ್ನೊಂದಕ್ಕೆ ಹೋದಾಗ ಹಿಟ್ಟು ಮುಗಿದು ಕಾವಲಿ ತೊಳೆಯುತ್ತಿದ್ದರು.

ನೋಡುವುದಕ್ಕೆ ಒಂದೇ ಜಾಗ ಆರಿಸಿಕೊಳ್ಳಬೇಕಾದರೆ 14 ಕಿಲೋಮೀಟರ್ ದೂರದ ಹರಿಹರವನ್ನು ಆರಿಸಿಕೊಳ್ಳಿ. ಆಟೋದವರು ಹೋಗಿಬರಲು 800 ರೂಪಾಯಿ ಕೇಳಿದರು. ಸಾಮಾನ್ಯ ಬಸ್ಸುಗಳು ಮೇಲಿಂದ ಮೇಲೆ ಇರುವಾಗ ಅಷ್ಟು ಕೊಡುವ ಅಗತ್ಯವಿಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಅಲಂಕಾರದ ಹೂವಿನಲ್ಲಿ ಆ ಭೇದ ಸುಲಭವಾಗಿ ಕಾಣುವುದಿಲ್ಲ. ಅರ್ಚಕರನ್ನು ಕೇಳಿದರೆ ಆರತಿಯ ಬೆಳಕಿನಲ್ಲಿ ತೋರಿಸುತ್ತಾರೆ. ನೆಲಕ್ಕೆ ಹತ್ತಿರದ ಗುಡಿಯಾದ್ದರಿಂದ ಮಂಡಿನೋವಿನವರಿಗೂ ಕಷ್ಟವಿಲ್ಲ. ಬೆಳಿಗ್ಗೆ ಎಂಟಕ್ಕೆ ಜನವೇ ಇರಲಿಲ್ಲ. ಕಡೆದ ಕಂಬಗಳ ನಡುವಿನ ತಣ್ಣನೆಯ ಕಲ್ಲಿನ ಜಗಲಿಯ ಮೇಲೆ ಅಮ್ಮ ಒಂದು ಗಂಟೆ ಕುಳಿತಿದ್ದರು, ನಾನು ಆವರಣದ ಶಾಸನಗಳನ್ನು ನೋಡುತ್ತ ತಿರುಗಿದೆ. ಹಿಂದೆಯೇ ತುಂಗಭದ್ರೆ, ಬೇಸಿಗೆಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ.

ಕುಂದುವಾಡ ಕೆರೆಯ ಬಳಿಯ ಗಾಜಿನ ಮನೆಗೆ ನಾವು ಮಧ್ಯಾಹ್ನ ಎರಡಕ್ಕೆ ಹೋಗಿ ಹತ್ತೇ ನಿಮಿಷಕ್ಕೆ ಹೊರಬಂದೆವು. ಬೇಸಿಗೆಯಲ್ಲಿ ಸಂಜೆ ಐದರ ನಂತರ ಹೋಗಿ. ಸೀರೆ ಅಂಗಡಿಗಳ ನೂಕುನುಗ್ಗಲು ನನಗೆ ಹಿಡಿಸಲಿಲ್ಲ.

ಕೊಳ್ಳುವುದಾದರೆ ಮಂಡಕ್ಕಿ ಕೊಳ್ಳಿ. ಸಂಜೆ ತಳ್ಳುಗಾಡಿಯಲ್ಲಿ ತಿನ್ನುವ ನರ್ಗಿಸ್ ಮಂಡಕ್ಕಿ ಎಂಬ ಮಸಾಲೆ ಮಂಡಕ್ಕಿ, ಅದರ ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ ಈ ಊರಿನ ನಿಜವಾದ ಸಂಜೆಯೂಟ. ಮನೆಗೆ ಒಯ್ಯಲು ಮಾತ್ರ ಭಟ್ಟಿಗಳಿರುವ ಕಡೆಗೇ ಹೋಗಿ. ಕಾದ ಮರಳಿಗೆ ಅಕ್ಕಿ ಸುರಿದ ಕೆಲವೇ ಕ್ಷಣಗಳಲ್ಲಿ ಅದು ಚಟಪಟನೆ ಅರಳಿ ಮೇಲೆ ಬರುತ್ತದೆ, ಜರಡಿ ಹಿಡಿದವರು ಅಷ್ಟೇ ವೇಗವಾಗಿ ಮರಳಿನಿಂದ ಬೇರ್ಪಡಿಸುತ್ತಾರೆ. ಆ ಬಿಸಿ, ಆ ಹೊಗೆಯ ಮುಂದೆ ದಿನವಿಡೀ ನಿಲ್ಲುವವರನ್ನು ಕಂಡ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ. ಕಟ್ಟಿಕೊಟ್ಟ ಹೆಣ್ಣುಮಗಳು, "ಗಾಳಿ ಆಡದಂಗೆ ಇಡ್ರೀ ಅಣ್ಣಾ, ಮೆತ್ತಗಾದ್ರೆ ಬಾಣಲೀಲಿ ಒಂದೀಟು ಬಿಸಿ ಮಾಡ್ಕಳ್ರೀ" ಎಂದಳು. ರೈಲಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತುರುಕಬೇಡಿ, ಮೇಲಿನ ಹಲಗೆಯ ಮೇಲೆ ಇಡಿ. ನಮ್ಮದು ಅಲ್ಲಿಯೇ ಇದ್ದು ಒಂದು ಕಾಳೂ ಪುಡಿಯಾಗದೆ ಬೆಂಗಳೂರು ಮುಟ್ಟಿತು.