ಮಾರ್ಗರೀಟ್ ರಾಬರ್ಟ್ಸ್ ಅವರ ಹೆಸರನ್ನೇ ತೆಗೆದುಹಾಕಿದರು

ಮಾರ್ಗರೀಟ್ ರಾಬರ್ಟ್ಸ್ ಕಥೆ ಓದಿ ತುಂಬಾ ಸಿಟ್ಟು ಬಂತು. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಹೆಸರು ಮಾಡಿದ್ದ ಚಿತ್ರಕಥೆಗಾರ್ತಿ. 1951ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಕರೆಸಿ ಕಮ್ಯುನಿಸ್ಟರ ಬಗ್ಗೆ ಕೇಳಿದಾಗ ಅವರು ಯಾರ ಹೆಸರನ್ನೂ ಕೊಡಲಿಲ್ಲ. ಕೆಲಸ ಹೋಯಿತು. ಅವರು ಬರೆದುಕೊಟ್ಟಿದ್ದ 'ಐವನ್‌ಹೋ' 1952ರಲ್ಲಿ ತೆರೆಗೆ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ.

ಆಮೇಲೆ 1969ರಲ್ಲಿ 'ಟ್ರೂ ಗ್ರಿಟ್' ಬರೆದರು, ಅದರ ಹೀರೋ ಜಾನ್ ವೇನ್, ಹಿಂದೆ ಕಮ್ಯುನಿಸ್ಟರ ವಿರುದ್ಧ ಹಾಲಿವುಡ್‌ನಲ್ಲಿ ಮುಂದೆ ನಿಂತಿದ್ದ ಅದೇ ಜಾನ್ ವೇನ್, ಅವರಿಗೆ ಆಸ್ಕರ್ ಬಂದಿದ್ದೂ ಆ ಪಾತ್ರಕ್ಕೇ. ಎಲ್ಲರೂ ಈ ಭಾಗವನ್ನೇ ಖುಷಿಯಿಂದ ಹೇಳುತ್ತಾರೆ. ನನಗೆ ಮಾತ್ರ ನಡುವೆ ಕೆಲಸ ಸಿಗದೆ ಹೋದ ಸುಮಾರು ಹತ್ತು ವರ್ಷಗಳದ್ದೇ ಸಂಕಟ. ನಲವತ್ತು ದಾಟಿ ಕೈ ಚೆನ್ನಾಗಿ ಪಳಗಿದ್ದ ಹೊತ್ತು ಅದು. ಸುಮ್ನೆ ಬಿಟ್ಟಿದ್ದರೆ ಇನ್ನೆಷ್ಟು ಬರೆಯುತ್ತಿದ್ದರು ಅಲ್ವಾ?