ಮೇಲಿನ ಕುರ್ಚಿ ಯಾರದ್ದು?

ಅಮೆರಿಕದಲ್ಲಿ ಅಧ್ಯಕ್ಷರು ಬದಲಾದರೆ ಸುಮಾರು 4,000 ಹುದ್ದೆಗಳಿಗೆ ಹೊಸಬರು ಬರುತ್ತಾರೆ. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್ ಒಪ್ಪಿಗೆ ಬೇಕು. ಉಳಿದ ಲಕ್ಷಾಂತರ ನೌಕರರು ಅಲ್ಲೇ ಇರುತ್ತಾರೆ. ಪಕ್ಷ ನೋಡದೆ ಅರ್ಹತೆ ನೋಡಿ ನೌಕರಿ ಕೊಡಬೇಕೆಂದ 1883ರ ಪೆಂಡಲ್ಟನ್ ಕಾಯ್ದೆ ಇದಕ್ಕೆ ಬುನಾದಿ. ಅದಕ್ಕೂ ಮುಂಚೆ ಗುಮಾಸ್ತನ ಕೆಲಸವೂ ಪಕ್ಷದ ಬಳುವಳಿಯಾಗಿತ್ತು.

ಅಧ್ಯಕ್ಷರೊಂದಿಗೆ ಹೀಗೆ ಬರುವ ರಾಜಕೀಯ ನೇಮಕದವರು ಒಂದು ಹುದ್ದೆಯಲ್ಲಿ ನಿಲ್ಲುವುದು ಸಾಮಾನ್ಯವಾಗಿ ಎರಡು ಮೂರು ವರ್ಷ. ಕಾಯಂ ಅಧಿಕಾರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಇಷ್ಟವಿಲ್ಲದ ಆದೇಶ ಬಂದರೆ ಆತ ವಿರೋಧಿಸುವುದಿಲ್ಲ, ಕಾನೂನು ಅಭಿಪ್ರಾಯ ಕೇಳುತ್ತಾನೆ, ಇನ್ನೊಂದು ಸಮಿತಿಗೆ ಕಳಿಸುತ್ತಾನೆ. ಕಾಯುವುದೇ ತಂತ್ರ. ಇದನ್ನು ಬರೀ ಸೋಮಾರಿತನ ಎನ್ನುವವರು ಕಚೇರಿಯನ್ನು ಒಳಗಿನಿಂದ ನೋಡಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಹುದ್ದೆ ತನಗೆ ಸಿಗದೆಂದು ಖಚಿತವಾದವನು ಹೊಸ ಪರಿಣತಿ ಗಳಿಸಲು ಶ್ರಮಪಡುವುದಿಲ್ಲ, ಅನುಭವಿಗಳು ಬೇಗ ನಿವೃತ್ತಿ ಪಡೆಯುತ್ತಾರೆ. ಕೆಟ್ಟ ಸುದ್ದಿ ಮೇಲೆ ಹೋಗುವಾಗ ಪ್ರತಿ ಹಂತದಲ್ಲೂ ಮೆತ್ತಗಾಗುತ್ತದೆ. ಜಾರ್ಜ್ ಡಬ್ಲ್ಯೂ. ಬುಷ್ ಆಡಳಿತವೇ ಸರ್ಕಾರಿ ಕಾರ್ಯಕ್ರಮಗಳಿಗೆ ಕೊಟ್ಟ ಅಂಕಗಳನ್ನು ಹೋಲಿಸಿದಾಗ, ರಾಜಕೀಯ ನೇಮಕದವರು ನಡೆಸಿದವು ಕಾಯಂ ಅಧಿಕಾರಿಗಳು ನಡೆಸಿದವುಗಳಿಗಿಂತ ಸರಾಸರಿಯಲ್ಲಿ ಹಿಂದಿದ್ದವು.

ಹಾಗೆಂದು ನೇಮಕವೇ ಬೇಡವೆನ್ನಲಾಗದು. ಗೆದ್ದವರ ನೀತಿ ಜಾರಿಯಾಗಬೇಕಲ್ಲ! ತೊಂದರೆ ಇರುವುದು ಇಂಥ ನೇಮಕದವರ ಎಷ್ಟು ಪದರ ಎಂಬುದರಲ್ಲಿ. ಸಚಿವರ ಕೆಳಗೆ ಒಂದು ಪದರ ಸಾಕು. ನಾಲ್ಕಾದರೆ ಕಾಯಂ ಅಧಿಕಾರಿಯ ಟಿಪ್ಪಣಿ ಸಚಿವರ ಮೇಜನ್ನೇ ತಲುಪುವುದಿಲ್ಲ.